ಎರಡು ಸಲ ಅದುಮಿದ ಗಾಳಿ

ಟೊಯೊಟಾ ಕಂಪನಿಯ ಹಳೆಯ ಸುಪ್ರಾ ಕಾರನ್ನು ರಸ್ತೆಯ ಮೇಲೆ ಕಂಡವರು ನಮ್ಮಲ್ಲಿ ಕಡಿಮೆ, ಪರದೆಯ ಮೇಲೆ ಕಂಡವರು ಬಹಳ. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾದಲ್ಲಿ ಕಿತ್ತಳೆ ಬಣ್ಣದ ಕಾರೊಂದು ಓಡುತ್ತದಲ್ಲ, ಅದು. 1993ರಲ್ಲಿ ಹುಟ್ಟಿದ ಆ ಪೀಳಿಗೆಯ ಸುಪ್ರಾ ಎರಡು ಬಗೆಯಲ್ಲಿ ಸಿಗುತ್ತಿತ್ತು. ಎರಡರ ಮೈಕಟ್ಟೂ ಒಂದೇ. ಬಾನೆಟ್ಟಿನ ಕೆಳಗೆ ಸಾಲಾಗಿ ಕೂತ ಆರು ಸಿಲಿಂಡರು, ಒಟ್ಟು 2997 ಸಿಸಿ, ಅದೂ ಒಂದೇ. ಎಂಜಿನ್ನಿನ ಹೆಸರಿನಲ್ಲಿ ಮಾತ್ರ ಒಂದಕ್ಷರದ ವ್ಯತ್ಯಾಸ: ಒಂದು 2ಜೆಝಡ್-ಜಿಇ, ಇನ್ನೊಂದು 2ಜೆಝಡ್-ಜಿಟಿಇ. ಆ ‘ಟಿ’ ಅಂದರೆ ಟರ್ಬೊ. ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಟಿ ಇಲ್ಲದ ಎಂಜಿನ್ 220 ಅಶ್ವಶಕ್ತಿ ಕೊಡುತ್ತಿತ್ತು, ಟಿ ಇದ್ದದ್ದು 320. ಒಂದಕ್ಷರಕ್ಕೆ ನೂರು ಕುದುರೆ.

ಹಳೆಯ ಕಾರುಗಳ ಪೇಟೆಯಲ್ಲಿ ಟಿ ಇದ್ದದ್ದಕ್ಕೆ ಬೆಲೆ ಆಕಾಶದಲ್ಲಿದೆ, ಇಲ್ಲದ್ದು ಅದಕ್ಕಿಂತ ಎಷ್ಟೋ ಅಗ್ಗ. ಹಾಗಾಗಿ ಕಾರಿನ ಹುಚ್ಚಿರುವ ಯಾವ ಹುಡುಗನಿಗೂ ಹೊಳೆಯುವ ಉಪಾಯ ಒಂದೇ. ಅಗ್ಗದ್ದನ್ನು ಕೊಳ್ಳೋಣ, ಗುಜರಿಯಿಂದಲೋ ಅಂಗಡಿಯಿಂದಲೋ ಒಂದು ಟರ್ಬೊ ತಂದು ನಟ್ಟು ಬೋಲ್ಟು ಬಿಗಿಸೋಣ. ಈ ಉಪಾಯ ಎಷ್ಟು ಹಳೆಯದೆಂದರೆ ಸುಪ್ರಾ ಪ್ರಿಯರು ಅದಕ್ಕೆ ‘ಎನ್‌ಎ-ಟಿ’ ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಎನ್‌ಎ ಅಂದರೆ ಸಹಜ ಉಸಿರಿನ ಎಂಜಿನ್, ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುವಂಥದ್ದು.

ಬಿಗಿಸುವ ಮೊದಲು ಎರಡು ಎಂಜಿನ್ನುಗಳ ವಿವರಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಕುಗ್ಗಿಸುತ್ತದೆ ಎನ್ನುವುದಕ್ಕೆ ಒಂದು ಅಂಕಿ ಇರುತ್ತದೆ. ಅದನ್ನು ಅದುಮುಪಟ್ಟು ಎಂದು ಕರೆಯೋಣ. ಹೆಚ್ಚು ಅದುಮಿದ ಗಾಳಿ ಉರಿದು ಹಿಗ್ಗುವಾಗ ಹೆಚ್ಚು ದೂಡುತ್ತದೆ, ಆದ್ದರಿಂದ ಅದುಮುಪಟ್ಟು ಹೆಚ್ಚಿದಷ್ಟೂ ಒಂದೇ ಹನಿ ಪೆಟ್ರೋಲಿನಿಂದ ಹೆಚ್ಚು ಕೆಲಸ. 220 ಅಶ್ವಶಕ್ತಿಯ ಎಂಜಿನ್ನಿನ ಅದುಮುಪಟ್ಟು 10. ಹಾಗಿದ್ದರೆ 320ರದ್ದು ಅದಕ್ಕಿಂತ ಹೆಚ್ಚಿರಬೇಕಲ್ಲವೆ? ಇಲ್ಲ, ಬರೀ 8.5. ಬಲಶಾಲಿಯಾದ ಎಂಜಿನ್ನನ್ನು ಟೊಯೊಟಾದವರು ಬೇಕೆಂದೇ ಕಡಿಮೆ ಅದುಮುವಂತೆ ಮಾಡಿದ್ದರು.

ಯಾಕೆ?

ಹೊಗೆಯಿಂದ ಓಡುವ ತಿದಿ

ಕಮ್ಮಾರನ ಕುಲುಮೆಯಲ್ಲಿ ಕೆಂಡ ತಾನಾಗಿಯೂ ಉರಿಯುತ್ತದೆ. ಆದರೆ ಕಬ್ಬಿಣ ಕೆಂಪಗಾಗಬೇಕಾದರೆ ತಿದಿ ಒತ್ತಲೇಬೇಕು. ಬೆಂಕಿಯ ಬಲ ಕಟ್ಟಿಗೆಯಲ್ಲಿ ಇರುವಷ್ಟೇ ಗಾಳಿಯಲ್ಲೂ ಇದೆ. ಎಂಜಿನ್ನಿಗೆ ಪೆಟ್ರೋಲು ಸುರಿಯುವುದು ಸುಲಭ, ಅದನ್ನು ಉರಿಸುವಷ್ಟು ಗಾಳಿ ಒದಗಿಸುವುದೇ ಕಷ್ಟ. ಒಂದು ಲೋಟ ಪೆಟ್ರೋಲು ಪೂರ್ತಿ ಉರಿಯಲು ದೊಡ್ಡದೊಂದು ಕೋಣೆ ತುಂಬುವಷ್ಟಲ್ಲದಿದ್ದರೂ ಹತ್ತಾರು ಗುಡಾಣದಷ್ಟು ಗಾಳಿ ಬೇಕು.

ತಿದಿ ಒತ್ತಲು ಕಮ್ಮಾರನಿಗೆ ಒಬ್ಬ ಆಳು ಬೇಕು. ಎಂಜಿನ್ನಿಗೆ ಯಾರು ಒತ್ತಬೇಕು? 1905ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಒಂದು ಉತ್ತರ ಬರೆದು ಪೇಟೆಂಟ್ ಪಡೆದ: ಹೊಗೆ ಒತ್ತಲಿ. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಆಚೆ ಹೋಗಿಬಿಡುತ್ತದೆ. ಅದರ ದಾರಿಗೆ ಒಂದು ಗಾಳಿಗಿರಗಿಟ್ಟಲೆ ಇಟ್ಟರೆ ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಗೆ ಮತ್ತೊಂದು ಗಿರಗಿಟ್ಟಲೆ ಸಿಕ್ಕಿಸಿದರೆ ಅದು ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿನೊಳಕ್ಕೆ ತುರುಕುತ್ತದೆ. ಟರ್ಬೊ ಅಂದರೆ ಇಷ್ಟೆ, ಹೊಗೆತಿದಿ. ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ತಿದಿ ಎನ್ನುವುದು ಮಾತ್ರ ಕಮ್ಮಾರನಿಗೆ ನಂಬಲು ಕಷ್ಟವಾದೀತು.

ವಿಮಾನಗಳಿಗೆ ಇದು ವರವಾಯಿತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, ಸುಮಾರು 4300 ಮೀಟರ್ ಎತ್ತರಕ್ಕೆ ಒಯ್ದ. ಗಾಳಿ ತೆಳುವಾದ ಆ ಜಾಗದಲ್ಲಿ ಸೊರಗಿದ್ದ ಎಂಜಿನ್ ಹೊಗೆತಿದಿ ಕಟ್ಟಿದ ಮೇಲೆ ಬಯಲಿನಲ್ಲಿದ್ದಷ್ಟೇ ಬಲ ತೋರಿಸಿತು. ಆದರೆ ಬೆಟ್ಟದ ಮೇಲೆ ಕಳೆದುಕೊಂಡ ಉಸಿರನ್ನು ಮರಳಿ ಕೊಡುವುದು ಒಂದು. ಬಯಲಿನಲ್ಲೇ ನಿಂತು ಅಳತೆ ಮೀರಿ ತುರುಕುವುದು ಇನ್ನೊಂದು. ಸುಪ್ರಾದ ಕತೆ ಎರಡನೆಯ ಬಗೆಯದು.

ಪಂಪಿನ ತಳ

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತಳ ಮುಟ್ಟಿ ನೋಡಿದ್ದೀರಾ? ಚಿಕ್ಕಂದಿನಲ್ಲಿ ನಾನು ಅದು ಒಳಗಿನ ಚರ್ಮದ ವಾಷರ್ ತಿಕ್ಕಿ ಬಂದ ಬಿಸಿ ಎಂದೇ ತಿಳಿದಿದ್ದೆ. ತಿಕ್ಕಾಟದ್ದೇ ಆಗಿದ್ದರೆ ವಾಷರ್ ಓಡಾಡುವ ಉದ್ದಕ್ಕೂ ಕೊಳವೆ ಒಂದೇ ಸಮ ಬಿಸಿಯಾಗಬೇಕಿತ್ತು. ಹೆಚ್ಚು ಸುಡುವುದು ತಳ, ಗಾಳಿ ಬಹಳವಾಗಿ ಅದುಮಿಸಿಕೊಳ್ಳುವ ಜಾಗ.

ಗಾಳಿಯ ಕಣಗಳು ಯಾವಾಗಲೂ ಓಡುತ್ತಿರುತ್ತವೆ, ಗೋಡೆಗೆ ಬಡಿದು ಮರಳುತ್ತಿರುತ್ತವೆ. ಆ ಗೋಡೆಯೇ ಮುಂದೆ ನುಗ್ಗಿ ಬರುತ್ತಿದ್ದರೆ, ಬೀಸಿ ಬರುವ ಬ್ಯಾಟಿಗೆ ತಾಗಿದ ಚೆಂಡಿನ ಹಾಗೆ ಕಣಗಳು ಬಂದದ್ದಕ್ಕಿಂತ ವೇಗವಾಗಿ ಮರಳುತ್ತವೆ. ಕಣಗಳ ಓಟ ಹೆಚ್ಚುವುದಕ್ಕೇ ನಾವು ಬಿಸಿ ಎನ್ನುವುದು. ಬೆಂಕಿ ಇಲ್ಲದೆ, ತಿಕ್ಕಾಟ ಇಲ್ಲದೆ, ಬರೀ ಅದುಮಿದ್ದಕ್ಕೇ ಗಾಳಿ ಬಿಸಿಯಾಗುತ್ತದೆ.

ನಮ್ಮ ಲಾರಿಗಳ ಡೀಸೆಲ್ ಎಂಜಿನ್ ಬದುಕಿರುವುದೇ ಈ ಬಿಸಿಯಿಂದ. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಬರಿಯ ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆಮೇಲೆ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹೊಗೆತಿದಿ ಲಾರಿಗೆ ಅಷ್ಟು ಸಲೀಸಾಗಿ ಒಗ್ಗಿದ್ದು ಇದಕ್ಕೇ. ಗಾಳಿ ಎಷ್ಟೇ ಕಾದರೂ ಹೊತ್ತಿಕೊಳ್ಳಲು ಒಳಗೆ ಇಂಧನವೇ ಇರುವುದಿಲ್ಲ. ಸುಪ್ರಾದಂಥ ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗಲ್ಲ. ಅಲ್ಲಿ ಪೆಟ್ರೋಲು ಗಾಳಿಯ ಜೊತೆಗೇ ಒಳಗೆ ಬಂದು, ಗಾಳಿಯ ಜೊತೆಗೇ ಅದುಮಿಸಿಕೊಂಡು, ಸ್ಪಾರ್ಕ್ ಬರುವವರೆಗೆ ತಾಳ್ಮೆಯಿಂದ ಕಾಯಬೇಕು. ಆ ತಾಳ್ಮೆಗೆ ಒಂದು ಮಿತಿ ಇದೆ.

ಒಂದು ಒರಟು ಲೆಕ್ಕ

ಸಿಲಿಂಡರಿನ ಗೋಡೆ ಹೀರುವ ಬಿಸಿ, ಪೆಟ್ರೋಲು ಆವಿಯಾಗುವಾಗ ಆಗುವ ತಂಪು ಇವನ್ನೆಲ್ಲ ಬದಿಗಿಟ್ಟು ಒಂದು ಅಂದಾಜು ಮಾಡೋಣ. ಹೊರಗಿನ ಗಾಳಿ 30 ಡಿಗ್ರಿ ಇದೆ ಎನ್ನಿ. ಸಹಜ ಉಸಿರಿನ ಎಂಜಿನ್ ಅದನ್ನು ಎಳೆದುಕೊಂಡು 10 ಪಟ್ಟು ಕುಗ್ಗಿಸಿದಾಗ, ಸ್ಪಾರ್ಕ್ ಬೀಳುವ ಹೊತ್ತಿಗೆ ಅದರ ಬಿಸಿ ಸುಮಾರು 375 ಡಿಗ್ರಿ.

ಈಗ ನಮ್ಮ ಹುಡುಗ ಇದೇ ಎಂಜಿನ್ನಿಗೆ ಹೊಗೆತಿದಿ ಬಿಗಿಸಿದ. ತಿದಿ ಗಾಳಿಯ ಒತ್ತಡವನ್ನು 1.7 ಪಟ್ಟು ಏರಿಸುತ್ತದೆ ಎಂದಿಟ್ಟುಕೊಳ್ಳೋಣ. ಅದೂ ಒಂದು ಪಂಪೇ ತಾನೇ? 30 ಡಿಗ್ರಿಯ ಗಾಳಿ ಎಂಜಿನ್ನಿನ ಬಾಗಿಲಿಗೆ ಬರುವಷ್ಟರಲ್ಲೇ ಕುದಿಯುವ ನೀರಿನಷ್ಟು, ಸುಮಾರು 100 ಡಿಗ್ರಿ ಬಿಸಿಯಾಗಿರುತ್ತದೆ. ಒಳಗೆ ಬಂದ ಮೇಲೆ ಪಿಸ್ಟನ್ ಅದನ್ನು ಮತ್ತೆ 10 ಪಟ್ಟು ಅದುಮುತ್ತದೆ. ಎರಡು ಸಲ ಅದುಮಿಸಿಕೊಂಡ ಗಾಳಿ ಮುಟ್ಟುವುದು ಸುಮಾರು 525 ಡಿಗ್ರಿ. ಬಾಗಿಲಿನಲ್ಲಿ ಹೆಚ್ಚಿದ್ದು 70 ಡಿಗ್ರಿ, ಒಳಗೆ ಅದು 150 ಡಿಗ್ರಿಯಾಗಿ ಬೆಳೆದಿದೆ. ಸಾಲದ ಬಡ್ಡಿಯ ಹಾಗೆ.

ಟೊಯೊಟಾದವರು ಏನು ಮಾಡಿದರು ನೋಡಿ. ತಿದಿಗೂ ಎಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಇಟ್ಟರು. ಅದು ಗಾಳಿಗೆ ಮಾಡಿದ ರೇಡಿಯೇಟರು, ಎದುರುಗಾಳಿಗೆ ಮೈಯೊಡ್ಡಿ ಒಳಗಿನ ಗಾಳಿಯ ಬಿಸಿ ಇಳಿಸುವ ತಗಡಿನ ಚೌಕಟ್ಟು. ಅದರಿಂದ ಗಾಳಿ 50 ಡಿಗ್ರಿಗೆ ಇಳಿಯಿತು ಎನ್ನೋಣ. ಜೊತೆಗೆ ಪಿಸ್ಟನ್ನಿನ ತಲೆಯನ್ನು ತಗ್ಗಿಸಿ ಅದುಮುಪಟ್ಟನ್ನು 8.5ಕ್ಕೆ ತಂದರು. ಅದೇ ಅಂದಾಜಿನಲ್ಲಿ ಈಗ ಕೊನೆಯ ಬಿಸಿ ಸುಮಾರು 380 ಡಿಗ್ರಿ, ಅಂದರೆ ಟರ್ಬೊ ಇಲ್ಲದ ಎಂಜಿನ್ ನಿಂತಿದ್ದ ಜಾಗಕ್ಕೇ ಮರಳಿ ಬಂದ ಹಾಗೆ. ತಣ್ಣಗಿನ ಗಾಳಿ ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ ಎನ್ನುವುದು ಮೇಲಿನ ಲಾಭ. ಇಂಟರ್‌ಕೂಲರ್ ಇಲ್ಲದಿದ್ದರೆ ಒಳಗೆ ಹೋಗುವ ಗಾಳಿ 1.4 ಪಟ್ಟು, ಇದ್ದರೆ 1.6 ಪಟ್ಟಿನ ಹತ್ತಿರ.

8.5 ಎಂಬ ಅಂಕಿಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ತಿದಿ ಮೊದಲೇ ಅದುಮಿ ಕಳಿಸಿದ್ದನ್ನು ಪಿಸ್ಟನ್ ಕಡೆಯಿಂದ ಕಳೆಯಲೇಬೇಕಿತ್ತು. ಇದಕ್ಕೆ ತೆತ್ತ ಬೆಲೆಯೂ ಉಂಟು: ತಿದಿಗೆ ಇನ್ನೂ ಗಾಳಿ ಕಟ್ಟದ ನಿಧಾನದ ಓಟದಲ್ಲಿ ಈ ಎಂಜಿನ್ ತುಸು ಸೋಮಾರಿ. ಅದನ್ನು ಮರೆಮಾಡಲು ಟೊಯೊಟಾ ಒಂದರ ಬದಲು ಎರಡು ಟರ್ಬೊ ಇಟ್ಟು, ಒಂದು ಮೊದಲು ಇನ್ನೊಂದು ಆಮೇಲೆ ಎಚ್ಚರಗೊಳ್ಳುವ ಹಾಗೆ ಮಾಡಿತು.

ಪಟಾಕಿ ಸರ

525 ಡಿಗ್ರಿಯಾದರೆ ಆಗುವುದೇನು? ಸ್ಪಾರ್ಕ್ ಬಿದ್ದೊಡನೆ ಸಿಲಿಂಡರಿನಲ್ಲಿ ಸ್ಫೋಟ ಆಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸರಿಯಾಗಿ ನಡೆಯುವ ಎಂಜಿನ್ನಿನಲ್ಲಿ ಸ್ಫೋಟ ಆಗುವುದೇ ಇಲ್ಲ. ಪಟಾಕಿ ಸರದ ಒಂದು ತುದಿಗೆ ಕಿಡಿ ಮುಟ್ಟಿಸಿದರೆ ಪಟಪಟನೆ ಒಂದಾದ ಮೇಲೊಂದು ಹಾರುತ್ತದಲ್ಲ, ಹಾಗೆ ಜ್ವಾಲೆ ಪ್ಲಗ್ಗಿನಿಂದ ಹೊರಟು ಅಂಚಿನ ಕಡೆಗೆ ಸರಿಯುತ್ತ ಹೋಗುತ್ತದೆ. ಪಿಸ್ಟನ್ನಿಗೆ ಬೀಳುವುದು ಒಂದು ನೂಕು, ಗುದ್ದಲ್ಲ.

ಆದರೆ ಉರಿದ ಭಾಗ ಹಿಗ್ಗುತ್ತ ಇನ್ನೂ ಉರಿಯದ ಭಾಗವನ್ನು ಮೂಲೆಗೆ ಒತ್ತುತ್ತದೆ. ಮೂಲೆಯಲ್ಲಿ ಕಾದಿರುವ ಗಾಳಿ-ಪೆಟ್ರೋಲಿಗೆ ಇದು ಮೂರನೆಯ ಅದುಮು. ಮೊದಲೇ ಕಾದದ್ದಾಗಿದ್ದರೆ ಅದು ಜ್ವಾಲೆ ಬರುವವರೆಗೂ ಕಾಯುವುದಿಲ್ಲ. ಉಳಿದ ಸರವೆಲ್ಲ ಒಟ್ಟಿಗೇ ಬೆಂಕಿಗೆ ಬಿದ್ದ ಹಾಗೆ ಒಮ್ಮೆಲೇ ಹಾರಿಬಿಡುತ್ತದೆ. ಆಗ ಎಂಜಿನ್ನಿನಿಂದ ಟಣ್ ಟಣ್ ಸದ್ದು ಕೇಳುತ್ತದೆ, ಸುತ್ತಿಗೆಯಿಂದ ಕುಟ್ಟಿದಂತೆ. ಗ್ಯಾರೇಜಿನವರು ‘ನಾಕಿಂಗ್’ ಎನ್ನುವುದು ಇದನ್ನೇ. ಕುಟ್ಟು ಎಂದರೆ ನಮಗೂ ಅರ್ಥವಾಗುತ್ತದೆ.

ಕುಟ್ಟು ಎಂಜಿನ್ನನ್ನು ಕೊಲ್ಲುವ ಬಗೆ ಕುತೂಹಲದ್ದು. ಸಿಲಿಂಡರಿನ ಜ್ವಾಲೆ 2000 ಡಿಗ್ರಿ ದಾಟುತ್ತದೆ, ಪಿಸ್ಟನ್ನಿನ ಅಲ್ಯುಮಿನಿಯಂ 660 ಡಿಗ್ರಿಯೊಳಗೇ ಕರಗುತ್ತದೆ. ಆದರೂ ಪಿಸ್ಟನ್ ದಿನವೂ ಉಳಿಯುವುದು ಹೇಗೆ? ಅದರ ಮೈಗೆ ಅಂಟಿಕೊಂಡು ಅಲುಗಾಡದೆ ನಿಲ್ಲುವ ತೆಳ್ಳನೆಯ ಗಾಳಿಯ ಪದರ ಕಂಬಳಿಯಂತೆ ಕಾಯುತ್ತದೆ. ಕಾಲಿಗೆ ಶಾಖ ಕೊಡಲು ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಟ್ಟವರಿಗೆ ಇದು ಗೊತ್ತು. ಕದಲದೆ ಕೂತರೆ ತಾಳಬಹುದು, ಯಾರಾದರೂ ನೀರು ಕಲಕಿದರೆ ತಟ್ಟನೆ ಸುಡುತ್ತದೆ. ಕುಟ್ಟಿನ ಅಲೆ ಸೆಕೆಂಡಿಗೆ ಸಾವಿರಾರು ಸಲ ಆ ಕಂಬಳಿಯನ್ನು ಕಿತ್ತು ಕಲಕುತ್ತದೆ. ಪಿಸ್ಟನ್ನಿನ ಅಂಚು ಮೆತ್ತಗಾಗುತ್ತದೆ, ರಿಂಗ್ ಕೂತಿರುವ ಗೆರೆ ಮುರಿಯುತ್ತದೆ, ಕೆಲವೊಮ್ಮೆ ತಲೆಯಲ್ಲಿ ತೂತೇ ಬೀಳುತ್ತದೆ. ಇದಕ್ಕೆ ವರ್ಷ ಬೇಕಿಲ್ಲ, ಗಟ್ಟಿ ಕುಟ್ಟಾದರೆ ಒಂದು ಉದ್ದದ ಏರು ಸಾಕು.

ನೀರು ಕುಡಿಯುತ್ತಿದ್ದ ಕಾರು

ಇರುವ ಎಂಜಿನ್ನನ್ನು ಇದ್ದ ಹಾಗೇ ಬಿಟ್ಟು ಟರ್ಬೊ ಬಿಗಿಸುವ ಆಸೆ ಹುಡುಗರಿಗೆ ಮಾತ್ರ ಬಂದದ್ದಲ್ಲ. ಆಗ ಜಗತ್ತಿನ ಅತಿ ದೊಡ್ಡದಾಗಿದ್ದ ಕಾರು ಕಂಪನಿಗೇ ಬಂದಿತ್ತು. 1962ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಎರಡು ಟರ್ಬೊ ಕಾರುಗಳನ್ನು ಹೊರತಂದಿತು. ಒಂದು ಷೆವ್ರಲೆಯ ಕೊರ್ವೆರ್ ಮಾನ್ಜಾ ಸ್ಪೈಡರ್. ಅದರಲ್ಲಿ ಅದುಮುಪಟ್ಟನ್ನು ತಗ್ಗಿಸಿದ್ದರು. ಇನ್ನೊಂದು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಇದರಲ್ಲಿ ತಗ್ಗಿಸಲಿಲ್ಲ, 10.25ರಲ್ಲೇ ಬಿಟ್ಟರು. 3.5 ಲೀಟರಿನ ಎಂಜಿನ್ 215 ಅಶ್ವಶಕ್ತಿ ಕೊಟ್ಟಿತು, ಆ ಕಾಲಕ್ಕೆ ದೊಡ್ಡ ಮಾತು.

ಕುಟ್ಟನ್ನು ತಡೆದದ್ದು ಹೇಗೆ? ನಮ್ಮ ಮಣ್ಣಿನ ಹೂಜಿಯ ಉಪಾಯದಿಂದ. ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಜೆಟ್‌ಫೈರ್‌ನಲ್ಲಿ ಒಂದು ಪುಟ್ಟ ತೊಟ್ಟಿ, ಅದರಲ್ಲಿ ಶುದ್ಧ ನೀರು ಮತ್ತು ಮೆಥನಾಲಿನ ಮಿಶ್ರಣ. ತಿದಿ ಒತ್ತಡ ಕಟ್ಟಿದಾಗ ಆ ದ್ರವ ಗಾಳಿಯೊಳಗೆ ಚಿಮ್ಮಿ ಆವಿಯಾಗಿ ಅದನ್ನು ತಣಿಸುತ್ತಿತ್ತು. ದ್ರವಕ್ಕೆ ಇಟ್ಟ ಹೆಸರು ‘ಟರ್ಬೊ-ರಾಕೆಟ್ ಫ್ಲೂಯಿಡ್’. ಹೆಸರಿಡುವುದರಲ್ಲಿ ಅಮೆರಿಕನ್ನರನ್ನು ಮೀರಿಸಿದವರಿಲ್ಲ.

ವಿಜ್ಞಾನ ಸರಿಯಾಗೇ ಇತ್ತು. ಮನುಷ್ಯ ಸ್ವಭಾವದ ಲೆಕ್ಕ ತಪ್ಪಿತು. ಪೆಟ್ರೋಲಿನ ಜೊತೆ ಇನ್ನೊಂದು ತೊಟ್ಟಿಯನ್ನೂ ತುಂಬಿಸುತ್ತಿರಬೇಕು ಎನ್ನುವುದನ್ನು ಕೊಂಡವರು ಮರೆತರು. ದ್ರವ ಮುಗಿದರೆ ತಿದಿಯ ಒತ್ತಡ ತಾನಾಗಿ ತಗ್ಗುವ ಏರ್ಪಾಟು ಇತ್ತು, ಆಗ ಕಾರು ಸೊರಗುತ್ತಿತ್ತು, ಜನ ಗೊಣಗುತ್ತಿದ್ದರು. ಎರಡೇ ವರ್ಷಕ್ಕೆ ಕಾರಿನ ತಯಾರಿಕೆ ನಿಂತಿತು. ಆಮೇಲೆ ಕಂಪನಿಯೇ ಮುಂದೆ ಬಂದು ಬೇಡವೆಂದವರ ಕಾರಿನಿಂದ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟಿತು. ಎನ್‌ಎ-ಟಿಯ ತದ್ವಿರುದ್ಧ.

ಟಿ ಅಕ್ಷರದೊಳಗೆ

ಕಾರ್ಖಾನೆಯಿಂದಲೇ ಬಂದ ಟರ್ಬೊ ಕಾರನ್ನು ಬಿಚ್ಚಿ ನೋಡಿದರೆ ಬಿಸಿಯ ಈ ಲೆಕ್ಕ ಎಲ್ಲೆಲ್ಲಿ ಬರೆದಿದೆ ಎಂದು ತಿಳಿಯುತ್ತದೆ. ಸುಪ್ರಾದ ಟರ್ಬೊ ಎಂಜಿನ್ನಿನಲ್ಲಿ ಪ್ರತಿ ಪಿಸ್ಟನ್ನಿನ ಬೆನ್ನಿಗೆ ಕೆಳಗಿನಿಂದ ಎಣ್ಣೆ ಚಿಮ್ಮಿಸುವ ಸಣ್ಣ ನಳಿಕೆಗಳಿವೆ, ಕಾದ ಪಿಸ್ಟನ್ನಿಗೆ ಎಣ್ಣೆಸ್ನಾನ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು ಬೇಕಾದ್ದರಿಂದ ಇಂಜೆಕ್ಟರುಗಳು ದೊಡ್ಡವು. ಗಾಳಿಗೆ ತಕ್ಕಷ್ಟು ಪೆಟ್ರೋಲು ಬೀಳದಿದ್ದರೆ ಬಿಸಿ ಇನ್ನೂ ಏರುತ್ತದೆ. ಕಾರಿನ ಕಂಪ್ಯೂಟರು ಬೇರೆ: ತಿದಿಯ ಒತ್ತಡ ಏರಿದಂತೆ ಸ್ಪಾರ್ಕನ್ನು ತುಸು ತಡವಾಗಿ ಹಾರಿಸುತ್ತದೆ, ಎಂಜಿನ್ನಿನ ಮೈಗೆ ಅಂಟಿಸಿದ ಕಿವಿಯಿಂದ ಕುಟ್ಟಿನ ಸದ್ದು ಬಂತೇ ಎಂದು ಆಲಿಸುತ್ತಿರುತ್ತದೆ. ಗೇರ್‌ಬಾಕ್ಸ್ ಕೂಡ ಬೇರೆ. ಟರ್ಬೊ ಇಲ್ಲದ ಕಾರಿಗೆ ಐದು ಗೇರಿನದು, ಟರ್ಬೊ ಕಾರಿಗೆ ಗೆಟ್ರಾಗ್ ಕಂಪನಿಯ ಜೊತೆ ಮಾಡಿಸಿದ ಆರು ಗೇರಿನ ದಿಂಡು.

ಜರ್ಮನಿಯ ಪೋರ್ಷೆ 944ರಲ್ಲೂ ಇದೇ ಕತೆ. 2.5 ಲೀಟರಿನ ಸಾಮಾನ್ಯ 944 ಯುರೋಪಿನಲ್ಲಿ 10.6 ಪಟ್ಟು ಅದುಮುತ್ತಿತ್ತು, 163 ಅಶ್ವಶಕ್ತಿ. 1985ರಲ್ಲಿ ಬಂದ 944 ಟರ್ಬೊದಲ್ಲಿ ಅದು 8, ಶಕ್ತಿ 220. ಹೊಗೆ ಹೊರಡುವ ರಂಧ್ರಗಳಿಗೆ ಒಳಗಿನಿಂದ ಪಿಂಗಾಣಿಯ ಅಸ್ತರಿ ಹಾಕಿದ್ದರು. ಹೊಗೆಯ ಬಿಸಿ ಎಂಜಿನ್ನಿನ ತಲೆಗೆ ಇಳಿಯಬಾರದು, ಕಡಿಮೆಯಾಗದೆ ತಿದಿಗೇ ತಲುಪಬೇಕು ಎಂದು. ಟರ್ಬೊವನ್ನು ಹೊಗೆಕೊಳವೆಯ ಪಕ್ಕದಲ್ಲಿ ಇಡದೆ ಎಂಜಿನ್ನಿನ ಆಚೆ ಮಗ್ಗುಲಿಗೆ, ತಣ್ಣಗಿನ ಕಡೆಗೆ ಸಾಗಿಸಿದ್ದರು. ನನಗಂತೂ ಆ ಪಿಂಗಾಣಿ ಅಸ್ತರಿ ಬಹಳ ಇಷ್ಟ. ಕಾರು ಕೊಂಡವನಿಗೆ ಅದು ಆಯುಷ್ಯವಿಡೀ ಕಾಣುವುದಿಲ್ಲ.

ಹಾಕಿಸುವುದೋ, ಕೊಳ್ಳುವುದೋ

ಹಾಗೆಂದು ಹಾಕಿಸಿದವರೆಲ್ಲ ಎಂಜಿನ್ ಸುಟ್ಟುಕೊಂಡಿದ್ದಾರೆ ಎಂದರೆ ಅದು ಸುಳ್ಳು. 1989ರ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಎರಡು ಸೀಟಿನ ಕಾರು ಟರ್ಬೊ ಹಾಕಿಸಲು ಹೆಸರುವಾಸಿ. ಕಾರಣ ಅದರ ವಂಶಾವಳಿಯಲ್ಲಿದೆ. ಅದರ 1.6 ಲೀಟರ್ ಎಂಜಿನ್ ಹುಟ್ಟಿದ ಮನೆತನದ್ದೇ ಟರ್ಬೊ ಎಂಜಿನ್ ಅದಕ್ಕೂ ಮೊದಲು ಮಾಜ್ದಾದ 323 ಕಾರಿನಲ್ಲಿ ಓಡಿತ್ತು. ಅದುಮುಪಟ್ಟೂ 9.4, ಅತಿಯೇನಲ್ಲ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬಿಬಿಆರ್ ಎಂಬ ಸಂಸ್ಥೆ ಇದಕ್ಕೆ ಟರ್ಬೊ ಕೂರಿಸಿ 150 ಅಶ್ವಶಕ್ತಿಗೆ ಏರಿಸಿತು, ಅದನ್ನು ಮಾಜ್ದಾ ಡೀಲರುಗಳೇ ಮಾರಿದರು. ಮಾಜ್ದಾ ತಾನೇ 178 ಅಶ್ವಶಕ್ತಿಯ ಟರ್ಬೊ ಎಂಎಕ್ಸ್-5 ತಂದದ್ದು 2004ರಲ್ಲಿ.

ಸುಪ್ರಾದ ಎನ್‌ಎ-ಟಿಗಳೂ ಹಲವು ಚೆನ್ನಾಗೇ ಓಡುತ್ತಿವೆ. ಅವುಗಳ ಒಡೆಯರು ತಿದಿಯ ಒತ್ತಡವನ್ನು ಕಡಿಮೆ ಇಟ್ಟಿರುತ್ತಾರೆ. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಅದುಮುಪಟ್ಟನ್ನು ತುಸು ಇಳಿಸಿರುತ್ತಾರೆ, ಇಂಟರ್‌ಕೂಲರ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲ ಬದಲಿಸಿರುತ್ತಾರೆ. ಕೆಲವರು ಎಥನಾಲ್ ಹೆಚ್ಚಿರುವ ಇಂಧನ ಸುರಿಯುತ್ತಾರೆ, ಅದಕ್ಕೆ ಪೆಟ್ರೋಲಿಗಿಂತ ತಾಳ್ಮೆ ಹೆಚ್ಚು, ಆವಿಯಾಗುವಾಗ ಹೂಜಿಯಂತೆ ತಂಪನ್ನೂ ಕೊಡುತ್ತದೆ. ಇವೆಲ್ಲದರ ಬಿಲ್ಲು ಕೂಡಿಸಿದ ಮೇಲೆ ಅಗ್ಗದ ಕಾರು ಎಷ್ಟು ಅಗ್ಗವಾಗಿ ಉಳಿಯಿತು ಎನ್ನುವುದು ಅವರವರ ಮನೆಯ ವಿಷಯ. ಕೆಲಸದ ಖುಷಿಗಾಗಿ ಹಾಕಿಸುವವರೊಡನೆ ನನ್ನ ತಕರಾರಿಲ್ಲ. ಹಣ ಉಳಿಸಲೆಂದು ಹಾಕಿಸುವವರು ಮಾತ್ರ ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು, ಯಾಕೆಂದರೆ ಅಂಗಡಿಯಲ್ಲಿ ಪೆಟ್ಟಿಗೆ ಕಟ್ಟಿ ಕೊಡುವುದು ತಿದಿಯನ್ನಷ್ಟೇ. ಆ 150 ಡಿಗ್ರಿಯನ್ನು ಎಲ್ಲಿ ಕಳೆಯಬೇಕು ಎಂಬ ಚೀಟಿ ಒಳಗಿರುವುದಿಲ್ಲ. ನಮ್ಮ ದೇಶದಲ್ಲಿ ಕಾನೂನಿನ ತೊಡಕು ಬೇರೆ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ.

ಒಂದು ಮಾತು ಸೇರಿಸಬೇಕು. ಈಗಿನ ಟರ್ಬೊ ಎಂಜಿನ್ನುಗಳ ಪಟ್ಟಿ ನೋಡಿದರೆ ಈ ಅಧ್ಯಾಯವೇ ತಪ್ಪು ಎನಿಸೀತು. 2019ರಲ್ಲಿ ಮರಳಿ ಬಂದ ಸುಪ್ರಾಕ್ಕೆ ಬಿಎಂಡಬ್ಲ್ಯು ಕಂಪನಿಯ ಆರು ಸಿಲಿಂಡರಿನ ಟರ್ಬೊ ಎಂಜಿನ್ ಹಾಕಿದರು, ಅದರ ಅದುಮುಪಟ್ಟು 11! ಅದರಲ್ಲಿ ಪೆಟ್ರೋಲು ಗಾಳಿಯ ಜೊತೆ ಬರುವುದಿಲ್ಲ, ನೇರ ಸಿಲಿಂಡರಿನೊಳಗೇ ಚಿಮ್ಮಿ ಅಲ್ಲೇ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ಜೆಟ್‌ಫೈರ್‌ನ ತೊಟ್ಟಿ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಈಗ ಪೆಟ್ರೋಲೇ ಮಾಡುತ್ತಿದೆ, ತುಂಬಿಸಲು ಯಾರೂ ಮರೆಯದ ತೊಟ್ಟಿಯಿಂದ.

ಕೀಲಿ ತೆಗೆದ ಮೇಲೆ

944 ಟರ್ಬೊವನ್ನು ನಿಲ್ಲಿಸಿ ಕೀಲಿ ತೆಗೆದು ಇಳಿದವರಿಗೆ ಬಾನೆಟ್ಟಿನ ಕೆಳಗಿನಿಂದ ಇನ್ನೂ ಸ್ವಲ್ಪ ಹೊತ್ತು ಸಣ್ಣ ಗುಂಯ್‌ಗುಡುವ ಸದ್ದು ಕೇಳುತ್ತದೆ. ಎಂಜಿನ್ ನಿಂತಿದೆ, ಅದರ ಜೊತೆ ನೀರು ತಿರುಗಿಸುವ ಪಂಪೂ ನಿಂತಿದೆ. ಟರ್ಬೊ ಮಾತ್ರ ಈಗ ತಾನೆ ಹೊಗೆಯಲ್ಲಿ ಮಿಂದು ಬಂದದ್ದು, ಅದರ ನಡುವಿನ ಬೇರಿಂಗಿನಲ್ಲಿ ನಿಂತ ಎಣ್ಣೆ ಆ ಬಿಸಿಗೆ ಸೀದು ಕರಿ ಹಿಡಿಯುತ್ತದೆ, ಒಲೆಯ ಮೇಲೆ ಮರೆತ ಬಾಣಲೆಯಂತೆ. ಅದಕ್ಕೇ ಪೋರ್ಷೆಯವರು ಒಂದು ಪುಟ್ಟ ವಿದ್ಯುತ್ ಪಂಪನ್ನು ಇಟ್ಟು, ಕಾರು ನಿಂತ ಮೇಲೂ ಟರ್ಬೊಗೆ ನೀರು ಹರಿಯುವಂತೆ ಮಾಡಿದ್ದರು.

ಅಂಗಡಿಯಿಂದ ತಂದು ಟರ್ಬೊ ಬಿಗಿಸಿಕೊಂಡ ಕಾರುಗಳಲ್ಲಿ ಇದಕ್ಕೆ ಬೇರೊಂದು ಉಪಾಯ ಪ್ರಸಿದ್ಧ, ಟರ್ಬೊ ಟೈಮರ್ ಎಂಬ ಸಣ್ಣ ಪೆಟ್ಟಿಗೆ. ಒಡೆಯ ಕೀಲಿ ತೆಗೆದು, ಬಾಗಿಲು ಹಾಕಿ, ಮನೆಯ ಮೆಟ್ಟಿಲು ಹತ್ತುತ್ತಾನೆ. ಅಂಗಳದಲ್ಲಿ ಕಾರು ಒಬ್ಬಂಟಿಯಾಗಿ ಇನ್ನೂ ಒಂದೆರಡು ನಿಮಿಷ ಓಡುತ್ತಲೇ ಇರುತ್ತದೆ.